ಇಪ್ಪತ್ತೇಳು ಜೀವಗಳು ಹೋದ ಬೇಸಿಗೆ ಶಿಬಿರವನ್ನು ಮತ್ತೆ ತೆರೆಯಬಹುದೇ?

ಪ್ರಶ್ನೆ: ಶಿರಾ ಗೇಟ್ ನಿವಾಸಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಅಮೆರಿಕದ ಟೆಕ್ಸಾಸ್ ರಾಜ್ಯದ ಕೆರ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂತಹ ಆಡಳಿತ ಪ್ರದೇಶ) ಗ್ವಾಡಲೂಪೆ ನದಿಯ ದಡದಲ್ಲಿರುವ ಕ್ಯಾಂಪ್ ಮಿಸ್ಟಿಕ್ ಎಂಬ ಹೆಣ್ಣುಮಕ್ಕಳ ಬೇಸಿಗೆ ಶಿಬಿರದ ಸುದ್ದಿಯನ್ನು ನಿಮ್ಮಲ್ಲಿ ಅನೇಕರು ಓದಿರುತ್ತೀರಿ. 1926ರಲ್ಲಿ ಆರಂಭವಾದ ಆ ಶಿಬಿರಕ್ಕೆ ಅಜ್ಜಿ, ತಾಯಿ, ಮಗಳು ಹೀಗೆ ತಲೆಮಾರುಗಳಿಂದ ಹೋಗಿ ಬಂದ ಮನೆತನಗಳಿವೆ. 2025ರ ಜುಲೈ 4ರ ನಸುಕಿನಲ್ಲಿ, ಮಕ್ಕಳೆಲ್ಲ ನಿದ್ರೆಯಲ್ಲಿದ್ದಾಗ, ಆ ನದಿ ಸುಮಾರು ಮುಕ್ಕಾಲು ಗಂಟೆಯಲ್ಲಿ 26 ಅಡಿಯಷ್ಟು ಏರಿತು. ಶಿಬಿರದ ಮಕ್ಕಳೂ ಅವರನ್ನು ನೋಡಿಕೊಳ್ಳುತ್ತಿದ್ದ ಯುವತಿಯರೂ ಸೇರಿ 27 ಮಂದಿ ತೀರಿಕೊಂಡರು. ಮಕ್ಕಳನ್ನು ಹೊರಗೆ ಸಾಗಿಸಲು ಹೋದ ಶಿಬಿರದ ನಿರ್ದೇಶಕರೂ ಉಳಿಯಲಿಲ್ಲ.

ಇದಾದ ಮೂರು ತಿಂಗಳೊಳಗೆ, ಸೆಪ್ಟೆಂಬರ್‌ನಲ್ಲಿ, 2026ರ ಬೇಸಿಗೆಗೆ ಶಿಬಿರದ ಒಂದು ಭಾಗವನ್ನು ತೆರೆಯುತ್ತೇವೆಂದು ನಡೆಸುವವರು ಪ್ರಕಟಿಸಿದರು. ನದಿ ನುಗ್ಗಿದ ಹಳೆಯ ಆವರಣವನ್ನು ಅವರು ತೆರೆಯಲು ಹೊರಟಿರಲಿಲ್ಲ. 2020ರಲ್ಲಿ ಆರಂಭವಾದ, ಅದಕ್ಕಿಂತ ಎತ್ತರದಲ್ಲಿರುವ ಸೈಪ್ರೆಸ್ ಲೇಕ್ ಎಂಬ ಆವರಣದ ಮಾತು ಅದು. ಆದರೆ ಆ ಪ್ರಕಟಣೆ ಹೊರಬಿದ್ದಾಗ ಎಂಟು ವರ್ಷದ ಒಂದು ಮಗುವಿನ ದೇಹ ಇನ್ನೂ ಸಿಕ್ಕಿರಲಿಲ್ಲ. ಮಕ್ಕಳನ್ನು ಕಳೆದುಕೊಂಡ ಹಲವು ತಂದೆತಾಯಿಯರು ನೊಂದು ವಿರೋಧಿಸಿದರು. ಮುಂದೆ ನ್ಯಾಯಾಲಯಕ್ಕೂ ಹೋದರು. ಅಲ್ಲಿ ಬೆಳೆದ ಇನ್ನು ಕೆಲವರು ಶಿಬಿರ ಉಳಿಯಲೇಬೇಕೆಂದರು.

ನಾನು ಇದನ್ನು ಕೇಳಲು ಒಂದು ಕಾರಣವಿದೆ. ಒಂಬತ್ತು ವರ್ಷದ ನನ್ನ ಮಗಳು ಕಳೆದ ಏಪ್ರಿಲ್‌ನಲ್ಲಿ ದೇವರಾಯನದುರ್ಗದ ಕಡೆಯ ಒಂದು ಶಿಬಿರದಲ್ಲಿ ಹತ್ತು ದಿನ ಇದ್ದು ಬಂದಳು. ಹುಣಸೆಬೀಜದಲ್ಲಿ ಚೌಕಾಬಾರ ಆಡುವುದನ್ನೂ ತನ್ನ ತಟ್ಟೆಯನ್ನು ತಾನೇ ತೊಳೆದಿಡುವುದನ್ನೂ ಅಲ್ಲಿಯೇ ಕಲಿತಳು. ಬರುವ ಬೇಸಿಗೆಗೂ ಹೋಗುತ್ತೇನೆಂದು ಈಗಲೇ ಹಟ ಹಿಡಿದಿದ್ದಾಳೆ. ಅವಳನ್ನು ಬಿಡಲು ಹೋದ ದಿನ ಮಕ್ಕಳು ಮಲಗುವ ಕೊಠಡಿಯ ಹಿಂದಿನ ಕಿಟಕಿಯಿಂದ ನೋಡಿದಾಗ ಕೆರೆಯ ಕೋಡಿ ಹಳ್ಳ ಕಂಡಿತ್ತು. ಆಗ ಅದು ಒಣಗಿ, ತುಂಬ ಲಂಟಾನ ಬೆಳೆದಿತ್ತು. 'ಏನೇ ಅನಾಹುತವಾದರೂ ಶಿಬಿರದವರು ಹೊಣೆಯಲ್ಲ' ಎಂಬ ಸಾಲಿದ್ದ ಒಪ್ಪಿಗೆ ಪತ್ರಕ್ಕೆ ನಾನು ಓದಿಯೇ ಸಹಿ ಹಾಕಿದ್ದೆ. ಟೆಕ್ಸಾಸಿನ ಸುದ್ದಿ ಓದಿದ ಮೇಲೆ ಆ ಕಿಟಕಿ ಕಣ್ಣಿಂದ ಮರೆಯಾಗುತ್ತಿಲ್ಲ.

ಇಂತಹ ಸಾವುಗಳಾದ ಸಂಸ್ಥೆಯನ್ನು ಮತ್ತೆ ತೆರೆಯುವುದು ಸರಿಯೇ? ಸರಿಯಾದರೆ ಯಾವಾಗ, ಯಾರ ಒಪ್ಪಿಗೆಯಿಂದ? ಮಕ್ಕಳನ್ನು ಬೇರೆಡೆ ಕಳುಹಿಸಿ ಅನುಭವವಿರುವವರೂ ಮಕ್ಕಳನ್ನು ಕಾಯುವ ಕೆಲಸ ಮಾಡಿದವರೂ ದಯವಿಟ್ಟು ಬರೆಯಿರಿ.

ಉತ್ತರ: ಕೋಲಾರದ ಮೇಷ್ಟ್ರು

ಮೇಡಂ, ನಾನು ಹತ್ತೊಂಬತ್ತು ವರ್ಷ ವಸತಿ ಶಾಲೆಯಲ್ಲಿ ಪಾಠ ಮಾಡಿದವನು. ಅದರಲ್ಲಿ ಏಳು ವರ್ಷ ವಿದ್ಯಾರ್ಥಿ ನಿಲಯದ ಮೇಲ್ವಿಚಾರಣೆಯೂ ನನ್ನದೇ ಆಗಿತ್ತು. ಆದ್ದರಿಂದ ತೆರೆಯಬೇಕು ಎನ್ನುವವರ ಪಕ್ಷದಲ್ಲಿ ನಿಂತು ಬರೆಯುತ್ತಿದ್ದೇನೆ, ಆದರೆ ಹಗುರವಾಗಿ ಬರೆಯುತ್ತಿಲ್ಲ.

2024ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಯ ಮುಳಬಾಗಿಲು ತಾಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸ ಹೋಗಿದ್ದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಆ ವಾರ ಇಡೀ ಜಿಲ್ಲೆಯಲ್ಲಿ ಯಾವ ಶಾಲೆಯ ಕೊಠಡಿಗೆ ಹೋದರೂ ಮೌನವಿತ್ತು. ಕಡಲತೀರವನ್ನು ಪ್ರವಾಸಿಗರಿಗೆ ಮುಚ್ಚಿ, ಕೆಲವು ದಿನಗಳ ನಂತರ ಸುರಕ್ಷಿತ ಜಾಗವನ್ನು ಗುರುತಿಸಿ ತೆರೆದರು. ನನ್ನ ಪರಿಚಯದ ಶಾಲೆಗಳಲ್ಲಿ ಮಾತ್ರ ಆ ವರ್ಷದ ಪ್ರವಾಸಗಳು ನಿಂತೇಹೋದವು. 'ಹೋಗದಿದ್ದರೆ ಯಾರೂ ಸಾಯುವುದಿಲ್ಲ' ಎಂದು ಒಬ್ಬ ಸಹೋದ್ಯೋಗಿ ಹೇಳಿದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೂ ನಮ್ಮ ನಿಲಯದ ಮಕ್ಕಳಲ್ಲಿ ಹೆಚ್ಚಿನವರಿಗೆ ಆ ಒಂದು ಪ್ರವಾಸ ಬಿಟ್ಟರೆ ಕಡಲು ನೋಡುವ ಬೇರೆ ದಾರಿಯೇ ಇರಲಿಲ್ಲ, ಏಕೆಂದರೆ ಅವರ ಅಪ್ಪ ಅಮ್ಮಂದಿರು ಟೊಮೆಟೊ ತೋಟಗಳಲ್ಲಿ ದಿನಗೂಲಿಗೆ ಹೋಗುವವರು. ದೊಡ್ಡವರು ಮೈಮರೆತದ್ದಕ್ಕೆ ಮಕ್ಕಳ ಪಾಲಿನ ಅನುಭವವನ್ನೇ ಕಿತ್ತುಕೊಳ್ಳುವುದು ನನಗೆ ನ್ಯಾಯವೆನಿಸುವುದಿಲ್ಲ.

ಆದರೆ ತೆರೆಯುವವರಿಗೆ ಕಾಯುವ ಕೆಲಸ ಗೊತ್ತಿರಬೇಕು. ನಮ್ಮ ನಿಲಯದಲ್ಲಿ ರಾತ್ರಿ ದೀಪ ಆರಿಸುವ ಮೊದಲು ನಾನು ಬಾಗಿಲ ಹೊರಗಿನ ಚಪ್ಪಲಿಗಳನ್ನು ಎಣಿಸುತ್ತಿದ್ದೆ, ಆಮೇಲೆ ಒಳಗೆ ಹೋಗಿ ಹಾಸಿಗೆಗಳನ್ನು ಎಣಿಸುತ್ತಿದ್ದೆ. ಎರಡೂ ಲೆಕ್ಕ ಒಂದೇ ಪುಸ್ತಕದಲ್ಲಿ, ವೇಳೆ ಮತ್ತು ಸಹಿಯೊಡನೆ ಇರುತ್ತಿತ್ತು. ಒಮ್ಮೆ ಚಪ್ಪಲಿ 62 ಜೊತೆ, ಮಕ್ಕಳು 61 ಬಂದರು. ಒಬ್ಬ ಹುಡುಗ ಜ್ವರದಿಂದ ಅಡುಗೆಮನೆಯ ಪಕ್ಕದ ಕಟ್ಟೆಯ ಮೇಲೆ, ಒಲೆಯ ಕಾವಿಗೆ ಮಲಗಿಬಿಟ್ಟಿದ್ದ. ಎಣಿಸದೇ ಇದ್ದಿದ್ದರೆ ಅವನು ಬೆಳಗಿನವರೆಗೂ ಅಲ್ಲೇ ಇರುತ್ತಿದ್ದ. ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೆ ಎಂಟು ವರ್ಷದ ಮಗು ಎಷ್ಟು ಹೊತ್ತಿಗೆ ಎದ್ದು ನಿಲ್ಲುತ್ತದೆ, ಕತ್ತಲಲ್ಲಿ ಯಾವ ಕಡೆಗೆ ಓಡುತ್ತದೆ ಎಂಬುದು ಕಾಗದದ ಮೇಲೆ ತಿಳಿಯುವ ಸಂಗತಿಯಲ್ಲ. ವರ್ಷಕ್ಕೆ ಒಂದೆರಡು ಸಲ ನಿಜವಾಗಿಯೂ ಎಬ್ಬಿಸಿ, ನಡೆಸಿ ನೋಡಬೇಕು. ಹಾಗೆ ಮಾಡಿ ತೋರಿಸುವ ಶಿಬಿರ ತೆರೆಯಲಿ.

ಉತ್ತರ: ಕುಣಿಗಲ್ ಸೀಮೆಯವನು

ಮೇಷ್ಟ್ರೇ, ನಿಮ್ಮ ಮೇಲೆ ಗೌರವವಿಟ್ಟುಕೊಂಡೇ ನಾನು ಒಪ್ಪುವುದಿಲ್ಲ. ನಮ್ಮ ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯದಲ್ಲಿ ತಾನಾಗಿಯೇ ಕೆಲಸ ಮಾಡುವ ಸೈಫನ್‌ಗಳಿವೆ, ಅಂದರೆ ನೀರನ್ನು ಎಳೆದು ಹೊರಬಿಡುವ ಬಾಗಿದ ಕೊಳವೆಗಳು. ಜಲಾಶಯ ತುಂಬಿ ನೀರು ಒಂದು ಮಟ್ಟ ಮುಟ್ಟಿತೆಂದರೆ ಯಾರೂ ಗೇಟು ಎತ್ತಬೇಕಾಗಿಲ್ಲ. ಸೈಫನ್ ಎಳೆಯಲು ಶುರುಮಾಡುತ್ತದೆ, ಕೆಳಗೆ ಮೊಣಕಾಲುದ್ದ ಇದ್ದ ಹೊಳೆ ನೋಡುನೋಡುತ್ತಿದ್ದಂತೆ ಎದೆಯುದ್ದ ಆಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಅಲ್ಲಿ ಒಂದೇ ಕುಟುಂಬದ ಹಲವರು ಕೊಚ್ಚಿಹೋದರು. ಆ ನೀರನ್ನು ಹುಟ್ಟಿದಾಗಿನಿಂದ ನೋಡಿದ ನಮಗೇ ಅದರ ವೇಗ ಅಂದಾಜಿಗೆ ಸಿಗುವುದಿಲ್ಲ. ಹಾಗಿರುವಾಗ ಊರು ಬಿಟ್ಟು ಬಂದ ಮಕ್ಕಳನ್ನು ಹೊಳೆಯ ಪಕ್ಕದಲ್ಲಿ ಮಲಗಿಸುವ ಅಗತ್ಯವೇನಿದೆ?

ಗ್ವಾಡಲೂಪೆ ನದಿಗೂ ಇದು ಮೊದಲ ಸಲವಾಗಿರಲಿಲ್ಲ. 1987ರ ಜುಲೈನಲ್ಲಿ ಅದೇ ನದಿಯ ದಡದ ಇನ್ನೊಂದು ಶಿಬಿರದಿಂದ ಹೊರಟ ಮಕ್ಕಳು ಪ್ರವಾಹಕ್ಕೆ ಸಿಕ್ಕಿ, ಹತ್ತು ಮಂದಿ ಸತ್ತಿದ್ದರು. ಮೂವತ್ತೆಂಟು ವರ್ಷ ಕಳೆದರೂ ಕೆರ್ ಕೌಂಟಿಯ ನದಿಯುದ್ದಕ್ಕೂ ಸೈರನ್ ವ್ಯವಸ್ಥೆ ಇರಲಿಲ್ಲ. ಬೇಕೆಂಬ ಮಾತು ನಡೆಯುತ್ತಲೇ ಇತ್ತು, ಹಣ ಮಾತ್ರ ಹೊಂದಿಕೆಯಾಗಲಿಲ್ಲ. ನಮ್ಮ ತಾತನ ಕಾಲದಲ್ಲಿ ಕೋಡಿ ಬೀಳುವ ಸೂಚನೆ ಕಂಡರೆ ನೀರಗಂಟಿ ಕೆಳಗಿನ ಊರುಗಳಿಗೆ ಓಡಿ ತಮಟೆ ಬಾರಿಸಿ ಸಾರುತ್ತಿದ್ದ ಎಂದು ಮನೆಯಲ್ಲಿ ಹೇಳುತ್ತಿದ್ದರು. ಒಂದು ಸಲ ಕಲಿಯದವರು ಎರಡನೆಯ ಸಲ ಕಲಿಯುತ್ತಾರೆಂದು ನಂಬಿ ಇನ್ನೊಬ್ಬರ ಮಗುವನ್ನು ಕಳುಹಿಸಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಮುಚ್ಚಲಿ.

ಉತ್ತರ: ಚಿಕ್ಕಬಳ್ಳಾಪುರದ ಸಿವಿಲ್ ಎಂಜಿನಿಯರ್

ಮೇಲಿನ ಇಬ್ಬರ ಮಾತಿನಲ್ಲೂ ತೂಕವಿದೆ. ನನಗೆ ತಿಳಿದ ಒಂದು ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ತೆರೆಯುವ ಮುಚ್ಚುವ ಚರ್ಚೆ ಬಹುತೇಕ ಭಾವನೆಯಲ್ಲೇ ನಡೆದು, ಮಲಗುವ ಕೊಠಡಿ ಎಲ್ಲಿತ್ತು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ.

ಅಮೆರಿಕದಲ್ಲಿ ಪ್ರವಾಹದ ಅಪಾಯವಿರುವ ನೆಲವನ್ನು ಗುರುತಿಸಿ ಸರ್ಕಾರವೇ ನಕ್ಷೆ ಮಾಡುತ್ತದೆ. 2011ರ ನಕ್ಷೆಯಲ್ಲಿ ಈ ಶಿಬಿರದ ಹಲವು ಕಟ್ಟಡಗಳು ಅಪಾಯದ ವಲಯದೊಳಗಿದ್ದವು. ಶಿಬಿರದವರ ಮನವಿಯ ಮೇಲೆ 2013ರಲ್ಲಿ 15 ಕಟ್ಟಡಗಳನ್ನು ಆ ವಲಯದಿಂದ ಕೈಬಿಡಲಾಯಿತು. ಮುಂದಿನ ವರ್ಷಗಳಲ್ಲಿ ಇನ್ನೂ 15 ಕಟ್ಟಡಗಳು ಹಾಗೆಯೇ ಹೊರಬಂದವು. ನಕ್ಷೆಯ ಗೆರೆ ಸರಿಯಿತು, ನದಿ ಇದ್ದಲ್ಲೇ ಇತ್ತು. ದುರಂತಕ್ಕೆ ಎರಡೇ ದಿನ ಮೊದಲು, ಜುಲೈ 2ರಂದು, ರಾಜ್ಯದ ಪರಿವೀಕ್ಷಕರು ಬಂದು ಅಲ್ಲಿ ತುರ್ತು ಯೋಜನೆ ಇದೆಯೆಂದು ದಾಖಲಿಸಿ ಹೋಗಿದ್ದರು. ಆ ರಾತ್ರಿ ಹವಾಮಾನ ಇಲಾಖೆಯ ದಿಢೀರ್ ಪ್ರವಾಹದ ಎಚ್ಚರಿಕೆ 1 ಗಂಟೆ 14 ನಿಮಿಷಕ್ಕೆ ಹೊರಟಿತ್ತು. ಹೀಗೆ ನಕ್ಷೆ, ಪರಿವೀಕ್ಷಣೆ, ಯೋಜನೆ, ಎಚ್ಚರಿಕೆ ಇವೆಲ್ಲವೂ ಹೆಸರಿಗೆ ಇದ್ದವು. ಮಲಗಿದ್ದ ಮಗುವಿನ ತಲೆದಿಂಬಿನವರೆಗೆ ಅವುಗಳಲ್ಲಿ ಒಂದೂ ವೇಳೆಗೆ ಸರಿಯಾಗಿ ತಲುಪಲಿಲ್ಲ.

'ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ' ಎಂಬ ಮಾತನ್ನು ನಮ್ಮಲ್ಲೂ ಬಳಸುತ್ತೇವೆ, ಅದು ಜನರನ್ನು ತಪ್ಪುದಾರಿಗೆ ಎಳೆಯುತ್ತದೆ. ಅದರ ನಿಜವಾದ ಅರ್ಥ, ಯಾವುದೇ ಒಂದು ವರ್ಷದಲ್ಲಿ ಅಷ್ಟು ನೀರು ಬರುವ ಸಂಭವ ಶೇಕಡಾ 1 ಎಂದು. ಲೆಕ್ಕ ಹಾಕಿದರೆ, ಮೂವತ್ತು ವರ್ಷಗಳಲ್ಲಿ ಒಮ್ಮೆಯಾದರೂ ಅದು ಬರುವ ಸಂಭವ ಶೇಕಡಾ 26 ಆಗುತ್ತದೆ. ನೂರು ವರ್ಷಗಳಲ್ಲಿ ಶೇಕಡಾ 63. ತಲೆಮಾರುಗಳ ಕಾಲ ನಡೆಯುವ ಸಂಸ್ಥೆಯೊಂದು ತನ್ನ ಆಯುಷ್ಯದಲ್ಲಿ ಆ ನೀರನ್ನು ಕಾಣುವುದೇ ಹೆಚ್ಚು ಸಂಭವ. ಟೆಕ್ಸಾಸಿನ ಆ ಭಾಗ ಸುಣ್ಣಕಲ್ಲಿನ ಗುಡ್ಡಗಳ ನಾಡು. ಮೇಲೆ ಮಣ್ಣು ತೆಳು, ಇಳಿಜಾರು ಕಡಿದು, ಬಿದ್ದ ಮಳೆ ಇಂಗದೆ ನೇರವಾಗಿ ಹಳ್ಳಕ್ಕೆ ಇಳಿಯುತ್ತದೆ. ನಮ್ಮ ಬಂಡೆಬೆಟ್ಟಗಳ ಕಲ್ಲು ಬೇರೆಯಾದರೂ ಬೋಳು ಬಂಡೆಯ ಮೇಲೆ ನೀರು ನಡೆದುಕೊಳ್ಳುವ ರೀತಿ ಹೆಚ್ಚು ಬೇರೆಯಲ್ಲ. 2021ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಕುಸಿದು ನಂದಿ ಬೆಟ್ಟದ ರಸ್ತೆ ಕೊಚ್ಚಿಹೋದಾಗ ಬೆಟ್ಟವನ್ನು ತಿಂಗಳುಗಟ್ಟಲೆ ಪ್ರವಾಸಿಗರಿಗೆ ಮುಚ್ಚಿದ್ದರು. ಅದೇ ನವೆಂಬರ್‌ನಲ್ಲಿ ನಮ್ಮ ಜಿಲ್ಲೆಯಲ್ಲೂ ಕೋಲಾರದಲ್ಲೂ ವರ್ಷಗಳಿಂದ ಒಣಗಿದ್ದ ಕೆರೆಗಳು ಕೋಡಿ ಬಿದ್ದವು, ಕೋಡಿ ಹಳ್ಳವನ್ನು ಮರೆತು ಮನೆ ಕಟ್ಟಿದವರ ಅಂಗಳಕ್ಕೆ ನೀರು ಬಂತು. ಆದ್ದರಿಂದ, ಶಿರಾ ಗೇಟ್‌ನ ಮೇಡಂ, ನಿಮ್ಮ ಕಣ್ಣಿಗೆ ಬಿದ್ದ ಲಂಟಾನ ಬೆಳೆದ ಆ ಹಳ್ಳವನ್ನು ಒಣಹಳ್ಳವೆಂದು ಬಿಡಬೇಡಿ. ಕೆರೆ ತುಂಬದ ವರ್ಷಗಳಲ್ಲೇ ಕೋಡಿಯ ದಾರಿ ಮುಚ್ಚಿಹೋಗುವುದು.

ಟೆಕ್ಸಾಸ್ ಶಾಸನಸಭೆ ಇದನ್ನು ತಡವಾಗಿಯಾದರೂ ಗುರುತಿಸಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯಪಾಲರ ಸಹಿ ಬಿದ್ದ ಕಾನೂನುಗಳ ಪ್ರಕಾರ, ಪ್ರವಾಹದ ವಲಯದಲ್ಲಿ ಮಕ್ಕಳನ್ನು ಮಲಗಿಸುವ ಶಿಬಿರಕ್ಕೆ ಪರವಾನಗಿ ಸಿಗುವುದಿಲ್ಲ. ಎಚ್ಚರಿಕೆಯ ವ್ಯವಸ್ಥೆ, ಸಿಬ್ಬಂದಿಯ ತರಬೇತಿ, ತುರ್ತು ಯೋಜನೆ ಎಲ್ಲವೂ ಕಡ್ಡಾಯ. ಮಗುವನ್ನು ಕಳೆದುಕೊಂಡ ತಂದೆತಾಯಿಯರೇ ಶಾಸಕರ ಮುಂದೆ ಕುಳಿತು ಇದನ್ನು ಮಾಡಿಸಿದರು. ಎತ್ತರದ ಆವರಣ ಈ ನಿಯಮಗಳಿಗೆ ಹೊಂದಿದರೆ ಕಟ್ಟಡದ ದೃಷ್ಟಿಯಿಂದ ತೆರೆಯಬಹುದು. ಆದರೆ ಆ ರಾತ್ರಿ ಯಾರು ಯಾವಾಗ ಎದ್ದರು, ಯಾರು ಯಾರಿಗೆ ಏನು ಹೇಳಿದರು, ಮೊದಲೇ ಏಕೆ ಮಕ್ಕಳನ್ನು ಎತ್ತರಕ್ಕೆ ನಡೆಸಲಿಲ್ಲ ಎಂಬ ತನಿಖೆ ಪೂರ್ತಿಯಾಗಿ ಹೊರಬರುವ ಮೊದಲು ಅದೇ ಆಡಳಿತದ ಕೈಗೆ ಮತ್ತೆ ಮಕ್ಕಳನ್ನು ಒಪ್ಪಿಸಬಾರದು. ಕಟ್ಟಡ ಬದಲಾದ ಮಾತ್ರಕ್ಕೆ ಕಾಯುವ ರೀತಿ ಬದಲಾಗಿದೆ ಎಂದು ಹೇಳಲಾಗುವುದಿಲ್ಲ.

ಉತ್ತರ: ಗೌರಿಬಿದನೂರಿನ ಓದುಗಿ

ಇಷ್ಟು ಹೊತ್ತು ಯಾರೂ ಮುಟ್ಟದ ಒಂದು ಮಾತು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ 59 ಮಂದಿ ಸತ್ತರು. ಅಲ್ಲಿ ಮತ್ತೆ ಚಿತ್ರ ಪ್ರದರ್ಶನ ನಡೆಯಲಿಲ್ಲ. ಸಂತ್ರಸ್ತರ ಸಂಘ ದಶಕಗಳ ಕಾಲ ನ್ಯಾಯಾಲಯದಲ್ಲಿ ನಿಂತಿತು. ಮಗು ಸತ್ತ ಮನೆಗೆ ಆ ಜಾಗವೆಂದರೆ ಏನು ಎಂಬುದನ್ನು ನಾವು ಹೊರಗಿನಿಂದ ಅಳೆಯಲಾರೆವು. ನನ್ನ ಅಣ್ಣನ ಮಗ ಬಾವಿಯಲ್ಲಿ ಹೋದ ಮೇಲೆ ಅತ್ತಿಗೆ ಆ ತೋಟದ ದಾರಿಯಲ್ಲಿ ಹನ್ನೊಂದು ವರ್ಷ ನಡೆಯಲಿಲ್ಲ. ನಾವು ಆ ಬಾವಿಗೆ ಕಟ್ಟೆ ಕಟ್ಟಿಸಿ, ಜಾಲರಿ ಹಾಕಿಸಿ, ಮತ್ತೆ ಮೋಟಾರು ಇಳಿಸುವ ಮೊದಲು ಅಣ್ಣ ಅವರನ್ನು ಕೂರಿಸಿಕೊಂಡು ಕೇಳಿದ. ಅವರು 'ಬೆಳೆ ಒಣಗುತ್ತಿದೆ, ಇಳಿಸಿ' ಎಂದ ಮೇಲೆಯೇ ಇಳಿಸಿದೆವು.

ಟೆಕ್ಸಾಸಿನ ಪ್ರಕಟಣೆಯಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ತೆರೆಯುವ ತೀರ್ಮಾನಕ್ಕಿಂತ ಅದರ ಅವಸರ. ನದಿಯಲ್ಲಿ ಮಗುವನ್ನು ಇನ್ನೂ ಹುಡುಕುತ್ತಿರುವಾಗ ಮುಂದಿನ ಬೇಸಿಗೆಯ ಮಾತನ್ನು ಆಡಬಾರದಿತ್ತು. ಅಲ್ಲಿ ಮಕ್ಕಳ ನೆನಪಿಗೆ ಸ್ಮಾರಕ ಕಟ್ಟುವ ಯೋಚನೆಯನ್ನೂ ಅದರೊಂದಿಗೇ ತಿಳಿಸಿದ್ದರು. ಸ್ಮಾರಕ ಬೇಕೋ ಬೇಡವೋ, ಬೇಕಾದರೆ ಎಲ್ಲಿ ಎಂಬುದನ್ನು ಮೊದಲು ಹೇಳಬೇಕಾದವರು ಆ ತಾಯಂದಿರು.

ಪ್ರಶ್ನೆ ಕೇಳಿದವರಿಂದ: ಶಿರಾ ಗೇಟ್ ನಿವಾಸಿ, ತುಮಕೂರು

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ಅಕ್ಕ, ನಿಮ್ಮ ಅತ್ತಿಗೆಯವರ ಮಾತು ಓದಿದ ಮೇಲೆ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಕುಣಿಗಲ್‌ನವರು ಮುಚ್ಚಲಿ ಎಂದದ್ದು ನನಗೆ ಅರ್ಥವಾಗುತ್ತದೆ. ಆದರೂ ನಾನು ಎಂಜಿನಿಯರ್ ಹೇಳಿದ ಕಡೆಗೆ ವಾಲಿದ್ದೇನೆ. ತನಿಖೆ ಮುಗಿದು, ಅದರ ವಿವರ ಆ ಕುಟುಂಬಗಳ ಕೈಗೆ ಸೇರಿ, ಅವರ ಜೊತೆ ಕುಳಿತು ಮಾತಾಡಿದ ಮೇಲೆ ಮಾತ್ರ ತೆರೆಯುವ ಮಾತು ಬರಬೇಕು. ಅಲ್ಲಿಯವರೆಗೆ ಎಷ್ಟು ಬೇಸಿಗೆಗಳು ಕಳೆದರೂ ಕಳೆಯಲಿ.

ನಮ್ಮೂರಿನ ಶಿಬಿರದವರಿಗೆ ನಿನ್ನೆ ಫೋನ್ ಮಾಡಿದ್ದೆ. ಮೂವತ್ತು ಹೆಣ್ಣುಮಕ್ಕಳಿಗೆ ರಾತ್ರಿ ಒಬ್ಬರೇ ಇರುತ್ತಾರೆಂದು ಅವರೇ ಹೇಳಿದರು. ಕೋಡಿ ಹಳ್ಳದ ಕಡೆಯ ಕೊಠಡಿಯಲ್ಲಿ ಮಲಗಿಸದೆ ಮುಂದಿನ ಸಭಾಂಗಣದಲ್ಲಿ ಮಲಗಿಸಲು ಆಗುತ್ತದೆಯೇ ಎಂದು ಕೇಳಿದ್ದಕ್ಕೆ, ಬಂದು ನೋಡಿ ಎಂದಿದ್ದಾರೆ. ಭಾನುವಾರ ಹೋಗುತ್ತಿದ್ದೇನೆ. ಮೇಷ್ಟ್ರೇ, ನಿಮ್ಮ ರಾತ್ರಿಯ ಎಣಿಕೆ ಪುಸ್ತಕದ ಒಂದು ಪುಟದ ನಮೂನೆಯನ್ನು ಇಲ್ಲಿ ಹಾಕಲು ಸಾಧ್ಯವೇ? ಅದನ್ನು ಜೊತೆಯಲ್ಲಿ ತೆಗೆದುಕೊಂಡು ಹೋಗಬೇಕೆಂದಿದ್ದೇನೆ.