ಫೋಟೋದ ‘ಡೀಟೇಲ್’ಗೆ ಏನನ್ನೋಣ? ವಿವರ, ಕುಸುರಿ, ಎಳೆ

ಎಲ್ಲರಿಗೂ ನಮಸ್ಕಾರ.

ಒಂದು ಪದ ಸಿಗದೆ ವಾರದಿಂದ ಒದ್ದಾಡುತ್ತಿದ್ದೇನೆ. ಕ್ಯಾಮೆರಾದ ರಾ ಫೈಲನ್ನು (ಕ್ಯಾಮೆರಾ ಕಂಡದ್ದನ್ನು ಇನ್ನೂ ಚಿತ್ರ ಮಾಡದೆ ಹಾಗೇ ಇಟ್ಟ ಕಡತ) ಫೋಟೋ ಮಾಡಿಕೊಡುವ ತಂತ್ರಾಂಶಗಳನ್ನು ಹೋಲಿಸಿ ಲೇಖನ ಬರೆಯುತ್ತಿದ್ದೇನೆ. ಡಾರ್ಕ್‌ಟೇಬಲ್, ರಾಥೆರಪಿ, ಲೈಟ್‌ರೂಮ್, ಇಷ್ಟೇ. ನೋಡಬೇಕಾದ್ದು ಎರಡು: ಬಣ್ಣ ಮತ್ತು ಡೀಟೇಲ್, ಅಂದರೆ ಚಿಕ್ಕಚಿಕ್ಕದೂ ಬಿಡಿಬಿಡಿಯಾಗಿ ಕಾಣುವುದು. ಈ ಎರಡನೆಯದು ಬಂದಾಗೆಲ್ಲ ಕೈ ನಿಲ್ಲುತ್ತದೆ.

ಮೊದಲು “ವಿವರ” ಅಂತಲೇ ಬರೆದಿದ್ದೆ. “ಇದರಲ್ಲಿ ಚಿತ್ರದ ವಿವರ ಜಾಸ್ತಿ ಸಿಗುತ್ತದೆ.” ತಮ್ಮ ಓದಿ, “ಯಾವ ವಿವರ? ತಾರೀಖು, ಲೆನ್ಸು, ಐಎಸ್‌ಒ ಅವೆಲ್ಲಾನಾ?” ಎಂದ. ಅವನು ಕೇಳಿದ್ದು ಸರಿಯೇ ಅಲ್ವಾ? ವಿವರ ಅನ್ನೋದು ಹೇಳುವಂಥದ್ದು, ಕೇಳುವಂಥದ್ದು, ಅರ್ಜಿಯಲ್ಲಿ ತುಂಬುವಂಥದ್ದು. ಕಣ್ಣಿಗೆ ಕಾಣುವಂಥದ್ದಲ್ಲ.

ನಾನು ಹೋಲಿಸುತ್ತಿರುವ ಫೋಟೋ ಬೇಲೂರಿನದು. ಚೆನ್ನಕೇಶವ ದೇವಾಲಯದ ಒಳಗೆ, ನವರಂಗದ ಮಬ್ಬು ಬೆಳಕಿನಲ್ಲಿ ತೆಗೆದ ಮದನಿಕೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 3200. ಒಂದೇ ಫೈಲು, ಮೂರು ತಂತ್ರಾಂಶ. ಒಂದರಲ್ಲಿ ಕೊರಳ ಹಾರದ ಮಣಿಗಳನ್ನು ಎಣಿಸಬಹುದು. ಇನ್ನೊಂದರಲ್ಲಿ ಮಣಿಗಳೆಲ್ಲ ಕೂಡಿಕೊಂಡು ಹಗ್ಗದ ಹಾಗಾಗಿವೆ. ಮತ್ತೊಂದರಲ್ಲಿ ಮಣಿ ಇದೆ, ಆದರೆ ಪ್ರತಿಯೊಂದರ ಸುತ್ತಲೂ ಕಲ್ಲಿನಲ್ಲಿ ಇಲ್ಲದ ಒಂದು ಬಿಳಿ ಗೆರೆ.

ಹೀಗೇಕೆ ಅಂದರೆ, ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಒಂದೊಂದು ಚುಕ್ಕಿಯೂ ಒಂದೇ ಬಣ್ಣ ನೋಡುತ್ತದೆ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ ಅದು: ನಾಲ್ಕು ಚುಕ್ಕಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಉಳಿದ ಎರಡು ಬಣ್ಣವನ್ನು ತಂತ್ರಾಂಶವೇ ಅಕ್ಕಪಕ್ಕದ ಚುಕ್ಕಿಗಳನ್ನು ಕೇಳಿ ಊಹಿಸಬೇಕು. ಊಹಿಸುವ ಲೆಕ್ಕ ಒಬ್ಬೊಬ್ಬರದು ಒಂದೊಂದು. ಮಣಿ ಉಳಿಯುವುದೋ ಹಗ್ಗವಾಗುವುದೋ ಅಲ್ಲಿಂದಲೇ ಶುರು. ಮೇಲೆ ಹರಿತ ಮಾಡುವುದು, ತರಿ ತೆಗೆಯುವುದು ಬೇರೆ.

“ತರಿ” ಅಂದೆ. ಅದು ನಾಯ್ಸ್‌ಗೆ, ಅಂದರೆ ಮಬ್ಬು ಬೆಳಕಿನ ಫೋಟೋದಲ್ಲಿ ಏಳುವ ಚುಕ್ಕಿಚುಕ್ಕಿಗೆ, ನಾನು ಇಟ್ಟುಕೊಂಡ ಹೆಸರು. “ಗದ್ದಲ” ಅಂತ ಬರೆದವರನ್ನು ನೋಡಿದ್ದೇನೆ, ಫೋಟೋದಲ್ಲಿ ಯಾರೋ ಜಗಳ ಆಡುತ್ತಿದ್ದಾರೆ ಅನ್ನಿಸುತ್ತದೆ. ಅಡುಗೆಮನೆಯ ಮಾತೇ ಸಾಕು: ಚಿತ್ರ ತರಿತರಿಯಾಗಿದೆ. ತರಿ ತೆಗೆದರೆ ನುಣ್ಣಗಾಗುತ್ತದೆ. ಜಾಸ್ತಿ ತೆಗೆದರೆ ಮದನಿಕೆ ಮೇಣದ ಗೊಂಬೆ. ರಾ ಫೈಲಿಗೂ “ಹಸಿ ಫೈಲು” ಅನ್ನುವ ಆಸೆ ಇದೆ. ಕಚ್ಚಾ ಅಂದರೆ ತೈಲ ನೆನಪಾಗುತ್ತದೆ, ರಾ ಅಂದರೆ ಗೂಢಚಾರರು!

ಡೀಟೇಲ್‌ಗೆ ಬರೋಣ. “ಸೂಕ್ಷ್ಮತೆ” ಆಗದು, ಅದನ್ನು ಐಎಸ್‌ಒಗೆ ಬಳಸಿಬಿಟ್ಟಿದ್ದೇನೆ. “ಸ್ಪಷ್ಟತೆ” ಅಗಲವಾಯಿತು, ಫೋಕಸ್ ಸರಿಯಿದ್ದರೂ ಸ್ಪಷ್ಟವೇ. “ಕುಸುರಿ” ಬಹಳ ಹಿಡಿಸಿತು. ಕುಸುರಿ ಕೆಲಸ ಅಂದಕೂಡಲೇ ಕಣ್ಣು ಹತ್ತಿರ ಹೋಗುತ್ತದೆ. ತೊಡಕು ಏನೆಂದರೆ, ನನ್ನ ಚಿತ್ರದಲ್ಲಿರುವುದೇ ಕುಸುರಿ. “ಕುಸುರಿ ಚೆನ್ನಾಗಿದೆ” ಅಂದರೆ ಹೊಗಳಿದ್ದು ಹೊಯ್ಸಳರ ಶಿಲ್ಪಿಯನ್ನೋ ತಂತ್ರಾಂಶವನ್ನೋ? ಆಮೇಲೆ ಕುಸುರಿ ಅಂದರೆ ಯಾರೋ ಕೂತು ಮಾಡಿದ್ದು. ಬೆಕ್ಕಿನ ಮೈಕೂದಲಿಗೆ ಕುಸುರಿ ಅನ್ನೋಕಾಗುತ್ತದಾ?

ಕೂದಲು ಅಂದಾಗ ಹೊಳೆದದ್ದು “ಎಳೆ”. ಎಳೆ ಎಳೆಯಾಗಿ ಕಾಣುತ್ತದೆ ಅಂತೀವಲ್ಲ, ಅದು. ಎಳೆ ಉಳಿದಿದೆ, ಎಳೆ ಅಳಿಸಿದೆ, ಇಲ್ಲದ ಎಳೆ ಹುಟ್ಟಿದೆ. ಈ ಮೂರೂ ಮಾತು ನನಗೆ ಸಲೀಸಾಗಿ ಬಂದವು. ಮಣಿಗೂ ಒಗ್ಗಬಹುದು, ಕೂದಲಿಗಂತೂ ಹೇಳಿ ಮಾಡಿಸಿದ್ದು.

ಆದರೆ ಬಣ್ಣದ ಭಾಗಕ್ಕೆ ಬಂದಾಗ ಎಡವಿದೆ. ಬಳಪದ ಕಲ್ಲಿನ ಹಸಿರು ಬೆರೆತ ಬೂದು ಮೂರರಲ್ಲೂ ಮೂರು ಬಗೆ: ಒಂದರಲ್ಲಿ ನೀಲಿಗೆ ತಿರುಗಿದೆ, ಒಂದರಲ್ಲಿ ಮಾಸಲು, ಒಂದರಲ್ಲಿ ಎಳೆ ಹಸಿರು. ಬಣ್ಣವೂ ಹಸಿ ಫೈಲಿನಲ್ಲಿ ಸಿದ್ಧವಾಗಿರುವುದಿಲ್ಲ, ಆ ಕ್ಯಾಮೆರಾಕ್ಕೆ ತಂತ್ರಾಂಶದವರು ಮಾಡಿಟ್ಟ ಪಟ್ಟಿಯಿಂದ ಬರುತ್ತದೆ. ಹಾಗಾಗಿ ಈ ವ್ಯತ್ಯಾಸ ಬರೆಯಲೇಬೇಕು. ಬರೆದ ಸಾಲು ಹೀಗಾಯಿತು: “ಒಂದರಲ್ಲಿ ಎಳೆ ಉಳಿದಿದೆ, ಹಸಿರು ಎಳೆಯಾಗಿದೆ.” ನನಗೇ ನಗು ಬಂತು. ಬಣ್ಣಕ್ಕೆ “ತಿಳಿ” ಅಂದು ಪಾರಾಗಬಹುದು, ಆದರೆ ತಿಳಿಹಸಿರು ಬೇರೆ, ಎಳೆಹಸಿರು ಬೇರೆ. ಎಳೆಯದರಲ್ಲಿ ಚಿಗುರಿನ ಹಳದಿ ಇದೆ.

ನೇಯ್ಗೆ, ಅಕ್ಕಸಾಲೆ, ಕಸೂತಿ ಗೊತ್ತಿರುವವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಕೆಲಸದ ನವಿರು ಉಳಿದಿದೆಯೋ ಅಳಿಸಿದೆಯೋ ಅಂತ ನೋಡುವಾಗ ನಿಮ್ಮ ಮನೆಯಲ್ಲಿ ಯಾವ ಮಾತು ಆಡುತ್ತಾರೆ? ಮತ್ತೆ, ಮೇಲಿನ ಆ ನಗು ಬಂದ ಸಾಲನ್ನು ನೀವಾದರೆ ಹೇಗೆ ಬರೆಯುತ್ತೀರಿ?