ಪದಚರ್ಚೆ: ಶವಪೆಟ್ಟಿಗೆಯ ಝೆ ‘ನಾಸ್ತಿಕ’ನೇ?

ಗೆಳೆಯರೇ,

ನಮ್ಮ ಚಿತ್ರಸಮಾಜದಲ್ಲಿ ತೋರಿಸಲಿರುವ ಒಂದು ಬ್ರೆಜಿಲ್ ಸಿನಿಮಾಕ್ಕೆ ಕನ್ನಡ ಟಿಪ್ಪಣಿ ಬರೆಯುತ್ತಿದ್ದೇನೆ. 1964ರಲ್ಲಿ ಜೋಸೆ ಮೋಜಿಕಾ ಮಾರಿನ್ಸ್ ನಿರ್ದೇಶಿಸಿ, ತಾನೇ ಮುಖ್ಯಪಾತ್ರ ಮಾಡಿದ ‘ನಡುರಾತ್ರಿ ನಿನ್ನ ಆತ್ಮವನ್ನು ಒಯ್ಯುವೆ’. (ಹೆಸರಿನ ಅನುವಾದ ನನ್ನದು.) ಆ ದೇಶದ ಮೊದಲ ಭಯಾನಕ ಚಿತ್ರ ಅಂತ ಇದಕ್ಕೆ ಹೆಸರು. ಪಾತ್ರದ ಹೆಸರು ಝೆ ದು ಕಾಯ್ಶಾಂವ್, ಅಂದರೆ ಶವಪೆಟ್ಟಿಗೆಯ ಝೆ. ಸಣ್ಣ ಊರಲ್ಲಿ ಹೆಣಗಳ ಅಂತ್ಯಕ್ರಿಯೆ ಮಾಡಿಸುವುದು ಕಸುಬು. ಕರಿ ಟೋಪಿ, ಕರಿ ಮೇಲುಹೊದಿಕೆ, ಉದ್ದುದ್ದ ಉಗುರು.

ದೇವರಿಲ್ಲ ಅನ್ನುವ ಈ ಝೆಯನ್ನು ಕನ್ನಡದಲ್ಲಿ ಏನೆಂದು ಕರೆಯುವುದು? ಕರಡು ನೋಡಿದವರು ‘ನಾಸ್ತಿಕ ಅಂದುಬಿಡಿ, ಸಾಕು’ ಅನ್ನುತ್ತಾರೆ. ನನಗೆ ಒಗ್ಗುತ್ತಿಲ್ಲ.

ಹಳೆಯ ಅರ್ಥ ಹಿಡಿದರೆ ‘ನಾಸ್ತಿಕೋ ವೇದನಿಂದಕಃ’ ಅಂತ ಮನುಸ್ಮೃತಿಯಲ್ಲೇ ಇದೆ. ವೇದವನ್ನು ಒಪ್ಪದವನು ನಾಸ್ತಿಕ, ಅಷ್ಟೆ. ಆ ಲೆಕ್ಕದಲ್ಲಿ ಜೈನರೂ ನಾಸ್ತಿಕರೇ. ಆದರೆ ಸೃಷ್ಟಿಕರ್ತನನ್ನು ಒಪ್ಪದ ಆ ಮತದ ನಮ್ಮ ಜನ್ನ, ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಸಂಕಲ್ಪಕ್ಕೇ ಜನ್ಮಜನ್ಮಾಂತರ ಅಲೆಸುವ ‘ಯಶೋಧರ ಚರಿತೆ’ ಬರೆದ. ದೇವರಿಲ್ಲದ್ದಕ್ಕೆ ಅಲ್ಲಿ ನೀತಿಯೇನೂ ಸಡಿಲವಾಗಲಿಲ್ಲ. ಇವತ್ತಿನ ಬಳಕೆಯಲ್ಲಂತೂ ನಾಸ್ತಿಕ ಅಂದರೆ ಗುಡಿಗೆ ಹೋಗದ, ಹೋಗುವವರ ತಂಟೆಗೂ ಬಾರದ ಮೇಷ್ಟ್ರು ನೆನಪಾಗುತ್ತಾರೆ. ಝೆಯನ್ನು ಅವರ ಪಕ್ಕ ಕೂರಿಸಲಾದೀತೇ?

ಚಿತ್ರದಲ್ಲೇ ಪ್ರಸಿದ್ಧವಾದ ದೃಶ್ಯ ನೋಡಿ. ಗುಡ್ ಫ್ರೈಡೇ ದಿನ. ಕ್ಯಾಥೊಲಿಕರು ಮಾಂಸ ಮುಟ್ಟುವುದಿಲ್ಲ. ಇವತ್ತು ಮಾಂಸ ತಿಂದೇ ತೀರುತ್ತೇನೆ, ಮನುಷ್ಯರದ್ದಾದರೂ ಸರಿ ಅನ್ನುವ ಅರ್ಥದ ಮಾತನ್ನು ಝೆ ಹೆಂಡತಿ ಲೆನಿತಾಗೆ ಹೇಳುತ್ತಾನೆ. ಆಮೇಲೆ ಬೀದಿಯಲ್ಲಿ ಮೆರವಣಿಗೆ ಬರುವ ಹೊತ್ತಿಗೆ ಸರಿಯಾಗಿ ಕಿಟಕಿಗೆ ಬಂದು, ಕುರಿಯ ತೊಡೆ ಕಚ್ಚಿ ಎಳೆಯುತ್ತಾ ಗಹಗಹಿಸುತ್ತಾನೆ. ಹಸಿವೆಗೆ ತಿನ್ನುವವನು ಅಡುಗೆಮನೆಯಲ್ಲೇ ತಿನ್ನುತ್ತಿದ್ದ. ಇವನಿಗೆ ಕಿಟಕಿಯೇ ಬೇಕು. ಇದನ್ನು ‘ವ್ರತಭಂಗ’ ಅನ್ನಲಾಗದು, ಅವನು ವ್ರತ ಹಿಡಿದವನೇ ಅಲ್ಲ. ‘ಮೈಲಿಗೆ’ಯೂ ಅಲ್ಲ. ಪತ್ರಿಕೆಗಳ ‘ಧರ್ಮನಿಂದನೆ’ ಕೇಳಿದರೆ ಕಾನೂನು, ಶಿಕ್ಷೆ ಕಣ್ಣಿಗೆ ಬರುತ್ತವೆ. ಕನ್ನಡ ಬೈಬಲಿನ ‘ದೇವದೂಷಣೆ’ಯೇ ಈ ಕೃತ್ಯಕ್ಕೆ ಹತ್ತಿರ ಅನ್ನಿಸುತ್ತದೆ.

ಕೃತ್ಯಕ್ಕೆ ಪದ ಸಿಕ್ಕಿತು ಅಂದುಕೊಳ್ಳೋಣ, ಆಳಿಗೆ ಏನು? ದೇವರೂ ಇಲ್ಲ ದೆವ್ವವೂ ಇಲ್ಲ ಅನ್ನುವ ಝೆಗೆ ತನ್ನದೇ ಒಂದು ನಂಬಿಕೆ ಇದೆ: ರಕ್ತ ಮುಂದುವರಿಯಬೇಕು, ತಕ್ಕ ಹೆಣ್ಣಿನಲ್ಲಿ ಗಂಡುಮಗು ಆಗಬೇಕು. ಮಕ್ಕಳಾಗದ ಲೆನಿತಾಳನ್ನು ಕಟ್ಟಿಹಾಕಿ ವಿಷದ ಜೇಡ ಬಿಟ್ಟು ಕೊಲ್ಲುವುದು ಅದಕ್ಕೆ. ಗೆಳೆಯ ಆಂತೋನಿಯೋನನ್ನು ಮುಗಿಸಿ, ಅವನು ಮದುವೆಯಾಗಬೇಕಿದ್ದ ತೆರೆಝಿನ್ಯಾಳ ಮೇಲೆರಗುವುದೂ ಅದಕ್ಕೇ. ನಿನ್ನ ಆತ್ಮವನ್ನು ಒಯ್ಯಲು ಬರುತ್ತೇನೆ ಅಂತ ಶಪಿಸಿ ಅವಳು ನೇಣು ಹಾಕಿಕೊಳ್ಳುತ್ತಾಳೆ. ಚಿತ್ರದ ಹೆಸರು ಹುಟ್ಟಿದ್ದು ಅಲ್ಲಿಂದ. ನಾಸ್ತಿಕ್ಯವೇ ಇಷ್ಟನ್ನೂ ಮಾಡಿಸಿತು ಅನ್ನುವುದು ಸುಲಭ. ನನಗೆ ಕಾಣುವಂತೆ ಮಾಡಿಸಿದ್ದು ಆ ವಂಶದ ಹುಚ್ಚು. ಅದು ನಮಗೇನು ಹೊಸದಲ್ಲ, ದೇವರಿಗೆ ಹರಕೆ ಹೊತ್ತವರ ಮನೆಯಲ್ಲೂ ಇರುತ್ತದೆ.

‘ಚಾರ್ವಾಕ’ ಬೇಡ, ಚಾರ್ವಾಕನಿಗೆ ಸುಖ ಮುಖ್ಯ, ವಂಶವಲ್ಲ. ‘ಪಾಷಂಡಿ’ ಅನ್ನುವುದು ಎದುರು ಮತದವರನ್ನು ಬೈಯುವ ಮಾತು. ಹಿರಣ್ಯಕಶಿಪುವಿನ ಹೋಲಿಕೆ ಕೊಡೋಣವೆಂದರೆ ಅವನು ತನ್ನನ್ನೇ ಪೂಜಿಸಿ ಅಂದವನು, ಝೆಗೆ ಪೂಜೆ ಬೇಕಿಲ್ಲ. ಆದರೆ ಕಂಬ ಒದೆಯುವ ಆ ಗತ್ತು ಮಾತ್ರ ಅದೇ. ಕ್ಯಾಥೊಲಿಕರು ಸತ್ತವರನ್ನು ನೆನೆಯುವ ದಿನದ ರಾತ್ರಿ ಝೆ ಆ ಸತ್ತವರನ್ನೇ ಕೆಣಕುತ್ತಾನೆ, ಅವರು ಬಂದೂ ಬರುತ್ತಾರೆ. ಹಾಗಾಗಿ ನಾನು ‘ದೇವರಿಗೆ ಸೆಡ್ಡು ಹೊಡೆದವನು’ ಅಂತ ಬರೆದಿದ್ದೇನೆ. ಸೆಡ್ಡು ಹೊಡೆಯಬೇಕಾದರೆ ಅಖಾಡದಲ್ಲಿ ಎದುರಾಳಿ ಇರಬೇಕಲ್ಲ ಅಂತ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಚಿತ್ರದ ಎಡವಟ್ಟೂ ಅದೇ: ದೇವರಿಲ್ಲ ಅನ್ನುವವನನ್ನು ನಾಯಕ ಮಾಡಿ, ಕೊನೆಗೆ ದೆವ್ವಗಳ ಕೈಯಲ್ಲೇ ಅವನನ್ನು ಹಣ್ಣು ಮಾಡಿಸುತ್ತದೆ.

1967ರಲ್ಲಿ ಬಂದ ಮುಂದಿನ ಭಾಗದಲ್ಲಿ, ತಾನು ಕೊಂದವಳು ಬಸುರಿಯಾಗಿದ್ದಳೆಂದು ತಿಳಿದಾಗ ಝೆ ಕಂಗಾಲಾಗುತ್ತಾನೆ. ಹುಟ್ಟದ ಕೂಸಿಗೆ ಮರುಗುವವನನ್ನು ‘ನೀತಿಗೇಡಿ’ ಅಂತ ಒಂದೇ ಏಟಿಗೆ ತಳ್ಳಿಹಾಕುವುದೂ ಕಷ್ಟ. ಆಗ ಅಲ್ಲಿ ಸೇನೆಯ ಆಡಳಿತ. ಸೆನ್ಸಾರಿನವರ ಒತ್ತಾಯಕ್ಕೆ ಆ ಚಿತ್ರದ ಅಂತ್ಯ ಬದಲಾಯಿತು, ಸಾಯುವ ಝೆಯ ಬಾಯಲ್ಲಿ ದೇವರಿದ್ದಾನೆ ಅನ್ನಿಸಲಾಯಿತು. ಅವನನ್ನು ನಾಸ್ತಿಕ ಅಂತ ಬರೆದರೆ ಆ ಕೊನೆಯ ಮಾತು ಮನಃಪರಿವರ್ತನೆಯ ಹಾಗೆ ಓದಿಸಿಕೊಳ್ಳುತ್ತದೆ. ಸೆನ್ಸಾರಿನವರಿಗೆ ಬೇಕಿದ್ದದ್ದೂ ಅದೇ ತಾನೆ.

ಎರಡು ವಿಷಯ ತಿಳಿಸಿ. ‘ದೇವದೂಷಣೆ’ ಕ್ರೈಸ್ತರಲ್ಲದ ಓದುಗರಿಗೆ ಥಟ್ಟನೆ ಹೊಳೆಯುತ್ತದೆಯೇ? ‘ದೇವದೂಷಕ’ ಅಂತ ವ್ಯಕ್ತಿಗೆ ಬಳಸಿದ್ದನ್ನು ಯಾರಾದರೂ ಕಂಡಿದ್ದೀರಾ? ನಾಟಕದವರು, ಹರಿಕಥೆಯವರು ಇಂಥವನಿಗೆ ಬೇರೆ ಮಾತು ಬಳಸುವುದಿದ್ದರೆ ಅದೂ ಬೇಕು. ಟಿಪ್ಪಣಿ ಅಚ್ಚಿಗೆ ಇನ್ನೂ ಹೋಗಿಲ್ಲ.