‘ಕಿಕ್’ ಎಂಬುದಕ್ಕೆ ‘ಕೂಗು ಹಾಕು’ ನಡೆದೀತೇ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ಕೆಲವು ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಕ್ಯೂಎಮು ಎಮ್ಯುಲೇಟರ್ (ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಓಡಿಸುವ ತಂತ್ರಾಂಶ) ಬಗ್ಗೆ ಟಿಪ್ಪಣಿ ಬರೆಯುತ್ತಿದ್ದೇನೆ. ಅದರಲ್ಲಿ ಬರುವ ‘ಕಿಕ್’ ಎಂಬ ಕ್ರಿಯಾಪದಕ್ಕೆ ಕನ್ನಡವೇನು ಎಂಬುದು ವಾರದಿಂದ ಕಾಡುತ್ತಿದೆ.

ಕೆವಿಎಂ (ಒಳಗಿನ ಕಂಪ್ಯೂಟರಿನ ಕೋಡನ್ನು ನಿಜವಾದ ಪ್ರೊಸೆಸರಿನಲ್ಲೇ ಓಡಿಸುವ ಲಿನಕ್ಸ್ ಕರ್ನಲ್ಲಿನ ಸೌಲಭ್ಯ) ಜೊತೆ ಓಡುವಾಗ ಒಂದೊಂದು ವರ್ಚುವಲ್ ಪ್ರೊಸೆಸರಿಗೂ ಒಂದೊಂದು ಥ್ರೆಡ್ (ಅಕ್ಷರಶಃ ‘ಎಳೆ’; ಪ್ರೋಗ್ರಾಮಿನೊಳಗೆ ತನ್ನಷ್ಟಕ್ಕೆ ಸಾಗುವ ಕೆಲಸದ ಸರಣಿ) ಇರುತ್ತದೆ. ಅದು ಅತಿಥಿ ಯಂತ್ರದ, ಎಂದರೆ ಒಳಗೆ ಓಡುವ ಆ ಕಂಪ್ಯೂಟರಿನ, ಕೋಡಿನಲ್ಲಿ ಮುಳುಗಿರುವಾಗ ಹೊರಗೆ ಕೆಲಸ ಬಿದ್ದರೆ, ಇನ್ನೊಂದು ಥ್ರೆಡ್ ಸಿಗ್ನಲ್ ಕಳುಹಿಸಿ ಅದನ್ನು ಹೊರಗೆ ಬರಿಸುತ್ತದೆ. ಇದೇ ಕಿಕ್. ‘ಒದೆ’ ಎಂದರೆ ಹುಡುಗರು ನಗುತ್ತಾರೆ.

ಮೊದಲು ‘ಎಳೆಯನ್ನು ತುಂಡರಿಸು’ ಎಂದು ಬರೆದಿದ್ದೆ. ಹತ್ತಿ ಗಿರಣಿಯ ನೂಲುವ ವಿಭಾಗದಲ್ಲಿ ದುಡಿದಿದ್ದ ಅಪ್ಪ ಓದಿ, “ಎಳೆ ಕಡಿದರೆ ಕದಿರು ಬರಿದೇ ತಿರುಗುತ್ತದೆ, ಯಾರಾದರೂ ಬಂದು ಹೊಸೆದು ಕೂಡಿಸಬೇಕು. ನಿನ್ನದರಲ್ಲಿ ಕೂಡಿಸುವವರು ಯಾರು?” ಎಂದರು. ಯಾರೂ ಇಲ್ಲ. ರಿಜಿಸ್ಟರುಗಳು (ಪ್ರೊಸೆಸರು ಲೆಕ್ಕ ಇಟ್ಟುಕೊಳ್ಳುವ ಪುಟ್ಟ ಮನೆಗಳು) ಹಾಗೆಯೇ ಇರುತ್ತವೆ, ಥ್ರೆಡ್ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಆ ಪದ ಹೊಡೆದುಹಾಕಿದೆ.

‘ಅಡಚಣೆ’ಯೂ ಆಗದು. ಸಾಧನವೊಂದು ಅತಿಥಿಯ ಪ್ರೊಸೆಸರಿಗೆ ಕೊಡುವ ಇಂಟರಪ್ಟಿಗೆ ಅದನ್ನು ಆಗಲೇ ಬಳಸಿದ್ದೇನೆ. ಆ ಇಂಟರಪ್ಟನ್ನು ಗಮನಕ್ಕೆ ತರಲೆಂದೇ ಎಷ್ಟೋ ಸಲ ಕಿಕ್ ಬೇಕಾಗುತ್ತದೆ. ‘ಎಬ್ಬಿಸು’ ಅರ್ಧ ಸರಿ: ಕೆಲಸವಿಲ್ಲದೆ ಮಲಗಿದ ಥ್ರೆಡ್ಡನ್ನು ಎಬ್ಬಿಸುವುದೂ ಕಿಕ್ಕೇ, ಆದರೆ ಓಡುತ್ತಿರುವುದನ್ನು ಎಬ್ಬಿಸುವುದು ಹೇಗೆ? ಮಲಗಿದವನಿಗೂ ದುಡಿಯುವವನಿಗೂ ಸಲ್ಲುವುದು ‘ಕೂಗು ಹಾಕು’.

ಕೂಗು ವ್ಯರ್ಥವಾಗುವ ಗಳಿಗೆಯೂ ಉಂಟು. ಕೆಲಸವೇನಾದರೂ ಇದೆಯೇ ಎಂದು ಥ್ರೆಡ್ ನೋಡಿಕೊಂಡ ಮೇಲೆ, ಅತಿಥಿಯೊಳಗೆ ಕಾಲಿಡುವ ಮೊದಲು ಸಿಗ್ನಲ್ ಬಂದುಹೋದರೆ, ಅದು ಏನೂ ಅರಿಯದೆ ಒಳಹೋಗುತ್ತದೆ. ಅದಕ್ಕೇ ಕೆವಿಎಂನಲ್ಲಿ ‘ಇಮ್ಮೀಡಿಯೆಟ್ ಎಕ್ಸಿಟ್’ ಎಂಬ ಗುರುತಿದೆ. ಸಿಗ್ನಲ್ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಕೋಡು) ಅದನ್ನು 1 ಮಾಡಿಟ್ಟರೆ, ಒಳಗೆ ಹೋಗಲು ಕೇಳಿದ ಥ್ರೆಡ್ಡನ್ನು ಕರ್ನಲ್ ಅಲ್ಲಿಂದಲೇ ಮರಳಿಸುತ್ತದೆ. ಇದಕ್ಕೆ ‘ಬಾಗಿಲಲ್ಲೇ ಮರಳು’ ಎಂದಿದ್ದೇನೆ. ಇದರ ಬಗ್ಗೆ ನನಗೆ ತಕರಾರಿಲ್ಲ.

ಕೆವಿಎಂ ಇಲ್ಲದೆ ಟಿಸಿಜಿಯಲ್ಲಿ (ಅತಿಥಿಯ ಕೋಡನ್ನು ಅನುವಾದಿಸಿ ಓಡಿಸುವ ಕ್ಯೂಎಮುವಿನದೇ ಭಾಗ) ಓಡಿಸಿದರೆ, ಅನುವಾದಗೊಂಡ ಕೋಡಿನ ಒಂದೊಂದು ತುಣುಕಿನ ಆರಂಭದಲ್ಲಿ ಹೊರಬರಬೇಕೇ ಎಂಬ ತಪಾಸಣೆ ನಡೆಯುತ್ತದೆ. ನಮ್ಮೂರಿನ ಬೆಣ್ಣೆದೋಸೆ ಭಟ್ಟರೂ ಹಾಗೆಯೇ: ಕಾವಲಿಯ ಮೇಲಿನದು ಇಳಿಯುವವರೆಗೆ ಎಷ್ಟು ಕೂಗಿದರೂ ತಲೆ ಎತ್ತುವುದಿಲ್ಲ.

ನನ್ನ ಅಳುಕು ಒಂದೇ. ‘ಥ್ರೆಡ್ಡಿಗೆ ಕೂಗು ಹಾಕಲಾಯಿತು’ ಎಂದು ದೋಷಸಂದೇಶದಲ್ಲಿ ಬಂದರೆ ನಿಮಗೆ ವಿಚಿತ್ರವಾಗಿ ಕೇಳಿಸುತ್ತದೆಯೇ? ಬಯಲುಸೀಮೆಯ ಆಚೆಯವರು ಇದಕ್ಕೆ ಬೇರೆ ಏನನ್ನುತ್ತೀರಿ?